ರಜೆಯುಂಟು, ಮರಳಲು ಕೆಲಸವುಂಟೇ?

‘ಏನಮ್ಮಾ, ವಿಶೇಷವೇನಾದರೂ ಇದೆಯೇ?’ ಎಂಬ ನೆಂಟರ ಪ್ರಶ್ನೆಗೆ ನಂಜನಗೂಡು, ತಿ. ನರಸೀಪುರದ ಉದ್ಯೋಗಸ್ಥ ಹೆಣ್ಣುಮಕ್ಕಳ ಉತ್ತರ ಅವರ ನೇಮಕಾತಿ ಪತ್ರದಲ್ಲಿರುತ್ತದೆ.

1961ರ ಹೆರಿಗೆ ಸೌಲಭ್ಯ ಕಾಯ್ದೆಯ 12 ವಾರಗಳ ರಜೆಯನ್ನು 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ಏರಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಸರ್ಕಾರಿ ಶಾಲೆಯ ಶಿಕ್ಷಕಿಗೆ 180 ದಿನಗಳ ಹೆರಿಗೆ ರಜೆಯ ಜೊತೆಗೆ 2021ರಿಂದ ಶಿಶುಪಾಲನಾ ರಜೆಯೂ ಉಂಟು. ಎರಡನೆಯ ಮಗುವಿನ ಬಗ್ಗೆ ಆಕೆ ನಿಶ್ಚಿಂತೆಯಿಂದ ಯೋಚಿಸಬಲ್ಲಳು. ಅದೇ ಬೀದಿಯಿಂದ ತಾಂಡವಪುರದ ಕಾರ್ಖಾನೆಗೆ ಗುತ್ತಿಗೆಯ ಮೇಲೆ ಹೋಗುವವಳ ಪಾಡೇ ಬೇರೆ. ಗುತ್ತಿಗೆಯ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ, ನಿಜ. ಗುತ್ತಿಗೆಯನ್ನು ನವೀಕರಿಸಲೇಬೇಕೆಂದು ಹೇಳಿಲ್ಲ. ಕೆಲಸ ಕಾಯಂ ಆಗುವ ತನಕ ಮಗು ಬೇಡವೆಂದು ಆಕೆ ನಿರ್ಧರಿಸಿದರೆ ತಪ್ಪೆನ್ನುವುದು ಹೇಗೆ?

ದೋಷ ಕಾನೂನಿನ ರಚನೆಯಲ್ಲೇ ಇದೆ. ಇಎಸ್‌ಐ ವ್ಯಾಪ್ತಿಯ ಕಾರ್ಮಿಕಳಿಗೆ ವಿಮಾ ನಿಧಿ ಹಣ ಕೊಡುತ್ತದೆ. ಉಳಿದವರ ರಜಾ ವೇತನದ ಪೂರ್ಣ ಹೊರೆ ಮಾಲೀಕನದು. ಸಂದರ್ಶನದಲ್ಲೇ ‘ಮದುವೆ ಯಾವಾಗ?’ ಎಂದು ಕೇಳುವ ಚಾಳಿಯ ಮೂಲ ಇದೇ. ಇನ್ನು ಗಂಡನಿಗೆ, ಖಾಸಗಿ ವಲಯದಲ್ಲಿ, ಒಂದು ದಿನದ ಪಿತೃತ್ವ ರಜೆಗೂ ಕಾನೂನಿನ ಆಸರೆಯಿಲ್ಲ.

26 ವಾರ ಕಳೆದ ಮೇಲೆ ಮಗುವನ್ನು ನೋಡಿಕೊಳ್ಳುವವರು ಯಾರು? ಬಾಣಂತನಕ್ಕೇನೋ ತವರಿದೆ, ಆದರೆ ತಿ. ನರಸೀಪುರದ ಅಜ್ಜಿಯೂ ಭತ್ತದ ನಾಟಿಗೆ ಕೂಲಿ ಹೋಗುವವಳೇ ಆಗಿದ್ದರೆ? 50 ಮಂದಿ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯ. ಹಲವು ಕಾರ್ಖಾನೆಗಳು ಕೂಡಿ ಒಂದನ್ನೇ ನಡೆಸಲೂ ಹೊಸ ಸಂಹಿತೆ ಅವಕಾಶ ಕೊಟ್ಟಿದೆ. ನಂಜನಗೂಡಿನ ಕೈಗಾರಿಕಾ ಪ್ರದೇಶ ಅದಕ್ಕೆ ಹೇಳಿ ಮಾಡಿಸಿದ ಜಾಗ.