ಹತ್ತು ವರ್ಷ ಮಲಗಿ ಎದ್ದ ಘಟ್ಟದ ಹಳಿ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ರೈಲಿನಲ್ಲಿ ಸುಮಾರು 55 ಕಿ.ಮೀ. ಅಷ್ಟರೊಳಗೆ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ದೋಣಿಗಲ್ ದಾಟಿದ ಮೇಲೆ ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ಎಂದು ಕಾಡಿನ ನಡುವಿನ ನಿಲ್ದಾಣಗಳು ಒಂದೊಂದಾಗಿ ಬರುತ್ತವೆ. ಘಟ್ಟದಲ್ಲಿ ಹಳಿ 50 ಅಡಿ ಸಾಗುವಷ್ಟರಲ್ಲಿ ಒಂದು ಅಡಿ ಇಳಿಯುತ್ತದೆ. ಆದ್ದರಿಂದ ಇಳಿಯುವ ಮುನ್ನ ಗಾಡಿಯ ಬ್ರೇಕ್ ಪರೀಕ್ಷೆ ಆಗಲೇಬೇಕು. ಬ್ರೇಕ್ ಕೈಕೊಟ್ಟರೆ ಗಾಡಿಯನ್ನು ತಿರುಗಿಸಿ ನಿಲ್ಲಿಸಲು ಏರುಮುಖದ ಅಡ್ಡಹಳಿಗಳಿವೆ. ಹತ್ತುವ ಸರಕು ಗಾಡಿಯನ್ನು ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಬೇಕು. ಇಷ್ಟು ಕಷ್ಟದ, ಇಷ್ಟು ಖರ್ಚಿನ ಈ ಹಾದಿ 1996ರಲ್ಲಿ ಮುಚ್ಚಿ, ಹತ್ತು ವರ್ಷದ ಬಳಿಕ ಮತ್ತೆ ತೆರೆಯಿತು. ಅದು ಹೇಗೆ ಎದ್ದಿತು ಎಂಬುದರಲ್ಲಿ ನಿಂತುಹೋದ ಎಲ್ಲ ರೈಲು ಮಾರ್ಗಗಳಿಗೂ ಪಾಠವಿದೆ.

ಹಾಸನ–ಮಂಗಳೂರು ಮಾರ್ಗ ಮೀಟರ್ ಗೇಜಿನಲ್ಲಿ ಪೂರ್ಣಗೊಂಡದ್ದು 1979ರಲ್ಲಿ. ಹದಿನೇಳೇ ವರ್ಷಕ್ಕೆ ಬ್ರಾಡ್‌ಗೇಜ್ ಪರಿವರ್ತನೆಗೆಂದು ಘಟ್ಟದ ಸಂಚಾರ ನಿಂತಿತು. ಹಣ ತೆವಳುತ್ತ ಬಂತು, ಕೆಲಸವೂ ತೆವಳಿತು. ಹಳಿಯ ಮೇಲೆ ರೈಲಿನ ಬದಲು ಚಾರಣಿಗರು ನಡೆದಾಡತೊಡಗಿದರು. ಕಾಮಗಾರಿಗೆ ವೇಗ ಬಂದದ್ದು 2003ರಲ್ಲಿ ಹಾಸನ ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಹುಟ್ಟಿದ ಮೇಲೆ. ರೈಲ್ವೆ ಮತ್ತು ರಾಜ್ಯ ಸರ್ಕಾರದ ಜೊತೆ ನವಮಂಗಳೂರು ಬಂದರೂ ಅದರಲ್ಲಿ ಪಾಲು ಹಾಕಿತು. ಬಂದರಿಗೆ ಬೇಕಿದ್ದದ್ದು ಒಳನಾಡಿನ ಸರಕು, ಅದರಲ್ಲೂ ಕಬ್ಬಿಣದ ಅದಿರು. ಹಾಗಾಗಿ 2006ರಲ್ಲಿ ಮೊದಲು ಓಡಿದ್ದು ಸರಕು ಗಾಡಿ. ಪ್ರಯಾಣಿಕರ ರೈಲಿಗೆ 2007ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಘಟ್ಟದ ಚೆಲುವನ್ನು ಗಾಜಿನ ಚಾವಣಿಯಿಂದ ತೋರಿಸುವ ವಿಸ್ಟಾಡೋಮ್ ಬೋಗಿಗಳು ಬಂದದ್ದಂತೂ 2021ರಲ್ಲಿ. ಈ ಸರದಿಯನ್ನು ಗಮನಿಸಬೇಕು. ನೆನಪು, ಚೆಲುವು, ಪ್ರವಾಸೋದ್ಯಮ ಇವು ಹಳಿಯನ್ನು ಎಬ್ಬಿಸಲಿಲ್ಲ. ಹೊರಲು ಹೊರೆಯಿದೆ, ಅದಕ್ಕೆ ದುಡ್ಡು ಹಾಕುವವರಿದ್ದಾರೆ ಎಂಬ ಖಾತ್ರಿ ಎಬ್ಬಿಸಿತು.

ಸರಕನ್ನು ನಂಬಿ ಕಟ್ಟಿದ್ದು ಸರಕಿನೊಂದಿಗೇ ಬೀಳುವುದಿಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ರಾಜ್ಯ ಸರ್ಕಾರ 2010ರಲ್ಲಿ ಅದಿರು ರಫ್ತನ್ನು ತಡೆದಾಗ ಈ ಮಾರ್ಗದ ಮೂಲ ಲೆಕ್ಕಾಚಾರವೇ ಅಲುಗಿತು. ಆದರೂ ಮಾರ್ಗ ಮುಚ್ಚಲಿಲ್ಲ. ಅಷ್ಟು ಹೊತ್ತಿಗೆ ಬೆಂಗಳೂರು–ಕರಾವಳಿ ನಡುವಿನ ರಾತ್ರಿ ರೈಲು, ಕುಕ್ಕೆಗೆ ಹೋಗುವ ಭಕ್ತರು, ಊರಿಗೆ ಮರಳುವ ವಿದ್ಯಾರ್ಥಿಗಳು ಅದಕ್ಕೆ ಬೇರೊಂದು ಆಸರೆಯಾಗಿದ್ದರು. ಮೊದಲ ಬಂಡವಾಳಕ್ಕೆ ಸರಕು ಕಾರಣವಾದರೆ, ಬಾಳಿಕೆಗೆ ಜನ ಕಾರಣ. ಪಕ್ಕದಲ್ಲೇ ಶಿರಾಡಿ ಹೆದ್ದಾರಿ ಇರುವಾಗ ರೈಲೇಕೆ ಎಂಬ ಮಾತೂ ಇದೆ. ಆ ಹೆದ್ದಾರಿ ಮಳೆಗಾಲದ ಕುಸಿತಕ್ಕೂ ಕಾಂಕ್ರೀಟ್ ಕಾಮಗಾರಿಗೂ ಎಷ್ಟು ಸಲ ಮುಚ್ಚಿದೆ ಎಂಬುದನ್ನು ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಪರಿಸರದ್ದು. 2018 ಮತ್ತು 2024ರ ಮಳೆಯಲ್ಲಿ ಗುಡ್ಡ ಜಾರಿ ರೈಲು ನಿಂತಿತು. ಎಡಕುಮೇರಿಯಂಥ ಕಡೆ ರಿಪೇರಿಯ ಸಾಮಗ್ರಿಯನ್ನೂ ಹಳಿಯ ಮೇಲೆಯೇ ತರಬೇಕು. ಘಟ್ಟದಲ್ಲಿ ಹೊಸ ದಾರಿ ಕೊರೆಯಬಾರದು ಎನ್ನುವುದಕ್ಕೆ ಇದು ಬಲವಾದ ಕಾರಣ. ಆಗಲೇ ಕೊರೆದಿರುವ ದಾರಿಯನ್ನು ಬಿಟ್ಟುಬಿಡಲು ಕಾರಣವಲ್ಲ. ಇರುವುದನ್ನು ಚೆನ್ನಾಗಿ ಬಳಸಿದಷ್ಟೂ ಇನ್ನೊಂದನ್ನು ಕೇಳುವ ನೆಪ ಕಡಿಮೆಯಾಗುತ್ತದೆ. ಆದ್ದರಿಂದ ತಮ್ಮೂರ ಹಳೆಯ ರೈಲು ಮರಳಲಿ ಎಂದು ಮನವಿ ಬರೆಯುವವರು ಅದರಲ್ಲಿ ಎರಡು ಲೆಕ್ಕ ಸೇರಿಸಲಿ: ಯಾವ ಸರಕು ಹೋಗುತ್ತದೆ, ಯಾವ ಹೊತ್ತಿಗೆ ಎಷ್ಟು ಜನ ಹತ್ತುತ್ತಾರೆ. ಆ ಲೆಕ್ಕವಿಲ್ಲದ ಮನವಿ ಕಡತದಲ್ಲೇ ಉಳಿಯುತ್ತದೆ.