ಎಳನೀರು ಕುಡಿದ ರೋಗಿ, ನಾಡಿ 48: ಎನ್‌ಕ್ಲೆಕ್ಸ್ ಕೇಳೋದು ‘ಈಗ ಏನು ಮಾಡ್ತೀರಿ?’

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಇವತ್ತಿನ ಸಂಚಿಕೆ ನರ್ಸಿಂಗ್ ಓದುತ್ತಿರುವವರಿಗೆ, ಓದು ಮುಗಿಸಿ ಡ್ಯೂಟಿ ಮಾಡ್ತಾ ಅಮೆರಿಕದ ಎನ್‌ಕ್ಲೆಕ್ಸ್ ಪರೀಕ್ಷೆಗೆ ತಯಾರಾಗ್ತಿರುವವರಿಗೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಾದರೆ ಇನ್ನೂ ಒಳ್ಳೇದು, ಯಾಕಂದ್ರೆ ಇವತ್ತಿನ ಕೇಸ್ ನಿಮ್ಮ ತೋಟದಿಂದಲೇ ಬಂದಿದೆ. ಇದು ಅಭ್ಯಾಸಕ್ಕಾಗಿ ನಾವೇ ಕಟ್ಟಿದ ಕೇಸ್, ಯಾವ ನಿಜವಾದ ರೋಗಿಯದ್ದೂ ಅಲ್ಲ.

ನೈಟ್ ಡ್ಯೂಟಿ, ರಾತ್ರಿ ಎಂಟೂವರೆ. ತೆಂಗಿನ ತೋಟದ ರೈತರೊಬ್ಬರು, 58 ವರ್ಷ. 12 ವರ್ಷದಿಂದ ಶುಗರ್, ಕಿಡ್ನಿ ಸ್ವಲ್ಪ ವೀಕ್ ಅಂತ ಹಳೇ ಚೀಟಿಯಲ್ಲಿದೆ. ಬಿಪಿಗೆ ಎನಲಾಪ್ರಿಲ್ ಮಾತ್ರೆ ತಗೋತಾರೆ. ಜ್ವರ, ಸುಸ್ತು ಅಂತ ಅಡ್ಮಿಟ್ ಆಗಿ ಎರಡು ದಿನ ಆಯ್ತು. ಈಗ ಜ್ವರ 99.4, ಶುಗರ್ 186, ಬಿಪಿ 104/60, ನಾಡಿ 48. ಬೆಳಗ್ಗೆಯಿಂದ ಮೂತ್ರ ಹೋಗಿರೋದು 150 ಎಂಎಲ್ ಮಾತ್ರ. “ಎರಡು ಕಾಲಲ್ಲೂ ಶಕ್ತಿನೇ ಇಲ್ಲ ಕಣಮ್ಮ” ಅಂತಾರೆ. ಪಕ್ಕದಲ್ಲಿರೋ ಹೆಂಡತಿ ಹೇಳ್ತಾರೆ: “ಸಿಸ್ಟರ್, ತಂಪಾಗ್ಲಿ ಅಂತ ದಿನಾ ನಾಲ್ಕು ಎಳನೀರು ಕುಡಿಸ್ತಾ ಇದೀವಿ.”

ನೀವೀಗ ಏನು ಮಾಡ್ತೀರಿ? ಉತ್ತರ ಮನಸ್ಸಲ್ಲಿ ಇಟ್ಕೊಳ್ಳಿ. ಕೊನೆಗೆ ನೋಡೋಣ.

ನಮ್ಮ ಪರೀಕ್ಷೆಗೂ ಇದಕ್ಕೂ ಏನು ವ್ಯತ್ಯಾಸ?

ನಮ್ಮಲ್ಲಿ ಕೋರ್ಸ್ ಮುಗಿಸಿ, ವಿಶ್ವವಿದ್ಯಾಲಯ ಅಥವಾ ಬೋರ್ಡ್ ಪರೀಕ್ಷೆ ಪಾಸಾದರೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸ್ತೀವಿ. ಅಮೆರಿಕದಲ್ಲಿ ಡಿಗ್ರಿ ಇದ್ದರಷ್ಟೇ ಸಾಲದು, ಲೈಸೆನ್ಸ್‌ಗೆ ಎನ್‌ಕ್ಲೆಕ್ಸ್ ಪಾಸಾಗಬೇಕು.

ನಮ್ಮ ಪ್ರಶ್ನೆಪತ್ರಿಕೆ ಸಾಮಾನ್ಯವಾಗಿ “ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಾದಾಗ ಕಾಣುವ ಲಕ್ಷಣಗಳನ್ನು ಬರೆಯಿರಿ” ಅನ್ನುತ್ತೆ. ಎನ್‌ಕ್ಲೆಕ್ಸ್ ಎಷ್ಟೋ ಸಲ ಕಾಯಿಲೆಯ ಹೆಸರನ್ನೇ ಹೇಳಲ್ಲ. ಮೇಲಿನ ಕೇಸ್ ಥರ ರೋಗಿಯನ್ನ ಮುಂದಿಟ್ಟು, ನೀವೇ ಕಂಡುಹಿಡಿಯಿರಿ ಅನ್ನುತ್ತೆ. 2023ರ ಏಪ್ರಿಲ್ 1ರಿಂದ ಬಂದಿರುವ ಹೊಸ ಮಾದರಿಯಲ್ಲಿ ಇದಕ್ಕೇ ಒತ್ತು. ಇದನ್ನ ಕ್ಲಿನಿಕಲ್ ಜಡ್ಜ್‌ಮೆಂಟ್ ಅಂತಾರೆ. ಸರಳವಾಗಿ ಹೇಳಬೇಕಂದ್ರೆ, ಗಮನಿಸಿ, ಯೋಚಿಸಿ, ಸರಿಯಾದ ಸಮಯಕ್ಕೆ ಸರಿಯಾದ ಕೆಲಸ ಮಾಡೋ ಶಕ್ತಿ.

ಪರೀಕ್ಷೆ ಐದು ಗಂಟೆ. ಕನಿಷ್ಠ 85, ಗರಿಷ್ಠ 150 ಪ್ರಶ್ನೆ. ನೀವು ಉತ್ತರಿಸಿದ ಹಾಗೆ ಕಂಪ್ಯೂಟರ್ ಮುಂದಿನ ಪ್ರಶ್ನೆಯ ಮಟ್ಟ ಬದಲಾಯಿಸುತ್ತೆ. ಹಿಂದಿನ ಪ್ರಶ್ನೆಗೆ ವಾಪಸ್ ಹೋಗೋ ಹಾಗಿಲ್ಲ. ಎಲ್ಲರಿಗೂ ಮೂರು ಕೇಸ್ ಸ್ಟಡಿ ಬಂದೇ ಬರುತ್ತೆ, ಒಂದೊಂದರಲ್ಲಿ ಆರು ಪ್ರಶ್ನೆ. ಆ ಆರು ಪ್ರಶ್ನೆ ಅಂದ್ರೆ ಆರು ಮೆಟ್ಟಿಲು. ನಮ್ಮ ರೈತರ ಜೊತೆ ಅವನ್ನ ಹತ್ತೋಣ.

ಆರು ಮೆಟ್ಟಿಲು

ಒಂದು, ಸುಳಿವು ಗುರುತಿಸೋದು. ಅಟ್ಟದ ಮೇಲಿನ ಕಾಯನ್ನ ಅಜ್ಜಿ ಕಿವಿ ಹತ್ತಿರ ಅಲ್ಲಾಡಿಸಿ, ಒಡೆಯದೇ ಒಳಗೆ ಕೊಬ್ಬರಿ ಬಿಟ್ಟಿದೆಯೋ ಇಲ್ವೋ ಹೇಳ್ತಾರಲ್ಲ, ಹಾಗೆ. ಸದ್ದು ತುಂಬಾ ಇರುತ್ತೆ, ಬೇಕಾದ ಸದ್ದು ಯಾವುದು? ಇಲ್ಲಿ ನಾಡಿ 48, ಕಾಲಿನ ನಿಶ್ಶಕ್ತಿ, ಕಡಿಮೆ ಮೂತ್ರ, ಎನಲಾಪ್ರಿಲ್, ಎಳನೀರು. ಜ್ವರ 99.4 ಮತ್ತು ಶುಗರ್ 186 ಗಮನದಲ್ಲಿರಲಿ, ಆದರೆ ಈ ಕ್ಷಣದ ಅಪಾಯ ಅವಲ್ಲ.

ಎರಡು, ಸುಳಿವುಗಳನ್ನ ಜೋಡಿಸೋದು. ಬಾಳೆಹಣ್ಣಿನ ಹಾಗೆ ಎಳನೀರಿನಲ್ಲೂ ಪೊಟ್ಯಾಸಿಯಂ ಜಾಸ್ತಿ. ಆರೋಗ್ಯವಂತರ ಕಿಡ್ನಿ ಹೆಚ್ಚಾದದ್ದನ್ನ ಹೊರಗೆ ಹಾಕುತ್ತೆ. ಇವರ ಕಿಡ್ನಿ ವೀಕ್, ಮೂತ್ರ ಕಡಿಮೆ. ಎನಲಾಪ್ರಿಲ್ ಕೂಡ ಪೊಟ್ಯಾಸಿಯಂ ಅನ್ನ ದೇಹದಲ್ಲೇ ಉಳಿಸುತ್ತೆ. ಬರೋದು ಹೆಚ್ಚಾಯ್ತು, ಹೋಗೋದು ನಿಂತಿತು.

ಮೂರು, ಯಾವುದು ಮೊದಲು? ಶುಗರ್ ಇಳಿದು ಸುಸ್ತಾಗಿದ್ಯಾ? 186 ಇದೆ, ಅಲ್ಲ. ಜ್ವರದ ಸುಸ್ತಾ? ಹಾಗಿದ್ದರೆ ನಾಡಿ 48ಕ್ಕೆ ಯಾಕೆ ಇಳಿಯಬೇಕು? ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪೋದೇ ಜೀವಕ್ಕೆ ಎಲ್ಲಕ್ಕಿಂತ ಬೇಗ ಅಪಾಯ ತರೋದು. ಅದನ್ನೇ ಮೇಲೆ ಇಡಿ. ಅಷ್ಟರಲ್ಲಿ ಲ್ಯಾಬ್ ರಿಪೋರ್ಟ್ ಬಂತು: ಪೊಟ್ಯಾಸಿಯಂ 6.9. ಇರಬೇಕಾದ್ದು 3.5ರಿಂದ 5.

ನಾಲ್ಕು, ಏನೇನು ಮಾಡಬಹುದು? ಇಸಿಜಿ, ಮಾನಿಟರ್, ಡಾಕ್ಟರ್‌ಗೆ ಕರೆ, ಐವಿ ಲೈನ್ ಸರಿ ಇದೆಯಾ ನೋಡೋದು, ಎಳನೀರು ನಿಲ್ಲಿಸೋದು, ಮುಂದಿನ ಎನಲಾಪ್ರಿಲ್ ಕೊಡೋ ಮೊದಲು ಕೇಳೋದು, ಮನೆಯವರಿಗೆ ತಿಳಿಹೇಳೋದು.

ಐದು, ಮೊದಲು ಯಾವುದು? ಇಲ್ಲೇ ತುಂಬಾ ಜನ ಜಾರೋದು. “ಎಳನೀರು ಕೊಡಬೇಡಿ ಅಂತ ಮನೆಯವರಿಗೆ ವಿವರಿಸುವುದು” ಅನ್ನೋ ಆಯ್ಕೆ ಇರುತ್ತೆ. ಅದು ಸರಿಯಾದ ಕೆಲಸವೇ, ಆದರೆ ಮೊದಲ ಕೆಲಸ ಅಲ್ಲ. ಎಳನೀರನ್ನ ಪಕ್ಕಕ್ಕಿಡಿ, ರೋಗಿಯನ್ನ ಮಾನಿಟರ್‌ಗೆ ಹಾಕಿ, ಇಸಿಜಿ ತೆಗೆಯಿರಿ, ಡಾಕ್ಟರ್‌ಗೆ ತಕ್ಷಣ ತಿಳಿಸಿ. ವಿವರಣೆ ಆಮೇಲೆ. ಡಾಕ್ಟರ್ ಆರ್ಡರ್ ಮಾಡಿದ ಮೇಲೆ ಕೊಡುವ ಕ್ಯಾಲ್ಸಿಯಂ ಗ್ಲುಕೋನೇಟ್ ಹೃದಯವನ್ನ ಕಾಪಾಡುತ್ತೆ, ಪೊಟ್ಯಾಸಿಯಂ ಇಳಿಸಲ್ಲ. ಇನ್ಸುಲಿನ್ ಮತ್ತು ಗ್ಲೂಕೋಸ್ ಪೊಟ್ಯಾಸಿಯಂ ಅನ್ನ ಜೀವಕೋಶದ ಒಳಗೆ ತಳ್ಳುತ್ತೆ, ದೇಹದಿಂದ ಹೊರಗೆ ಹಾಕಲ್ಲ. ಅದಕ್ಕೇ ಕೆಲವರಿಗೆ ಡಯಾಲಿಸಿಸ್ ಬೇಕಾಗುತ್ತೆ. ಯಾವ ಔಷಧಿ ಏನು ಮಾಡುತ್ತೆ ಅನ್ನೋದಷ್ಟೇ ಅಲ್ಲ, ಏನು ಮಾಡಲ್ಲ ಅನ್ನೋದೂ ಗೊತ್ತಿರಬೇಕು.

ಆರು, ಫಲ ನೋಡೋದು. ಇಸಿಜಿ ಸುಧಾರಿಸಿತಾ? ನಾಡಿ ಏರಿತಾ? ಪೊಟ್ಯಾಸಿಯಂ ಮತ್ತೆ ಟೆಸ್ಟ್‌ಗೆ ಕಳಿಸಿದ್ರಾ? ಇನ್ಸುಲಿನ್ ಕೊಟ್ಟ ಮೇಲೆ ಶುಗರ್ ಕುಸಿಯಬಹುದು, ಮತ್ತೆ ಮತ್ತೆ ಚೆಕ್ ಮಾಡಿದ್ರಾ? ಇಂಜೆಕ್ಷನ್ ಕೊಟ್ಟಲ್ಲಿಗೆ ಕೆಲಸ ಮುಗಿಯಲ್ಲ.

ಮನೆಯಲ್ಲಿ ಅಭ್ಯಾಸ ಹೇಗೆ?

ದುಬಾರಿ ಪ್ರಶ್ನೆ ಬ್ಯಾಂಕ್‌ಗಿಂತ ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ದಿನಾ ಡ್ಯೂಟಿ ಮುಗಿದ ಮೇಲೆ ಅವತ್ತು ನೋಡಿದ ಒಬ್ಬ ರೋಗಿಯ ಬಗ್ಗೆ ಆರು ಸಾಲು ಬರೆಯಿರಿ, ಮೆಟ್ಟಿಲಿಗೊಂದು. ಹೆಸರು, ಊರು, ಐಪಿ ನಂಬರ್ ಬರೆಯಬೇಡಿ. ಕೇಸ್ ಶೀಟ್ ಫೋಟೊ ತೆಗೆಯಲೇಬೇಡಿ. ಕನ್ನಡದಲ್ಲೇ ಯೋಚಿಸಿ ಬರೆದರೂ ಪರವಾಗಿಲ್ಲ, ಆಮೇಲೆ ಇಂಗ್ಲಿಷಲ್ಲಿ ಒಮ್ಮೆ ಹೇಳಿಕೊಳ್ಳಿ.

ತೆಂಗಿನ ಸೀಮೆಯ ವಾರ್ಡ್‌ಗಳಲ್ಲಿ ಕೇಸ್‌ಗೆ ಬರ ಇಲ್ಲ. ಮರದಿಂದ ಬಿದ್ದವರು ಬಂದಾಗ ಮುರಿದ ಕೈ ಎಲ್ಲರಿಗೂ ಕಾಣುತ್ತೆ. ಕುತ್ತಿಗೆ ಅಲ್ಲಾಡದ ಹಾಗೆ ನೋಡ್ಕೊಂಡ್ರಾ? ನಾಡಿ ಏರ್ತಾ ಬಿಪಿ ಇಳೀತಿದ್ರೆ ಹೊಟ್ಟೆಯೊಳಗೆ ರಕ್ತಸ್ರಾವ ಇರಬಹುದು ಅಂತ ಹೊಳೀತಾ? ಔಷಧಿ ಹೊಡೆಯುವಾಗ ವಿಷ ಏರಿದವರ ಕಣ್ಣಿನ ಪಾಪೆ ಸಣ್ಣದಾಗಿತ್ತಾ, ಬಾಯಲ್ಲಿ ಜೊಲ್ಲು ಸುರೀತಿತ್ತಾ? ಇವೆಲ್ಲ ಬರೆಯಬೇಕಾದ ಸುಳಿವುಗಳೇ.

ಎರಡನೇದು, ಪ್ರಶ್ನೆ ಬಿಡಿಸುವಾಗ ಸಂಖ್ಯೆ ಹಿಂದೆ ಓಡಬೇಡಿ. 100 ಪ್ರಶ್ನೆ ಓಡಿಸೋದಕ್ಕಿಂತ 20 ಬಿಡಿಸಿ, ಪ್ರತಿ ತಪ್ಪು ಆಯ್ಕೆ ಯಾಕೆ ತಪ್ಪು ಅಂತ ಬಾಯಿಬಿಟ್ಟು ಹೇಳೋದು ಹೆಚ್ಚು ಉಪಯೋಗ. ‘ಸರಿಯಾದವೆಲ್ಲ ಆರಿಸಿ’ ಥರದ ಪ್ರಶ್ನೆಯಲ್ಲಿ ಈಗ ಭಾಗಶಃ ಅಂಕ ಸಿಗುತ್ತೆ. ಆದರೆ ತಪ್ಪು ಆರಿಸಿದರೆ ಆ ಪ್ರಶ್ನೆಯಲ್ಲಿ ಗಳಿಸಿದ್ದು ಕಡಿತ ಆಗುತ್ತೆ. ಎಲ್ಲಕ್ಕೂ ಟಿಕ್ ಹಾಕೋ ಉಪಾಯ ನಡೆಯಲ್ಲ.

ಮೂರನೇದು, ಅಮೆರಿಕದ ಪ್ರಶ್ನೆಯಲ್ಲಿ ಎಳನೀರು ಬರೋದು ಅಪರೂಪ. ಅದರ ಜಾಗದಲ್ಲಿ ಕಿತ್ತಳೆ ಜ್ಯೂಸ್ ಇರುತ್ತೆ, ಅಥವಾ ಬಿಪಿ ಇರುವವರು ಉಪ್ಪಿನ ಬದಲು ಬಳಸೋ ಪೊಟ್ಯಾಸಿಯಂ ಕ್ಲೋರೈಡ್ ಪುಡಿ ಇರುತ್ತೆ. ಎಳನೀರಿನ ಲೆಕ್ಕ ಅರ್ಥವಾದವರಿಗೆ ಆ ಪುಡಿಯೂ ಅರ್ಥವಾಗುತ್ತೆ.

ಹಣ, ಏಜೆಂಟ್ ವಿಷಯ

ಮೊದಲು ಇಲ್ಲಿಯ ನೋಂದಣಿ, ಆಮೇಲೆ ಅಮೆರಿಕದ ಯಾವುದಾದರೂ ಒಂದು ರಾಜ್ಯದ ನರ್ಸಿಂಗ್ ಬೋರ್ಡ್‌ನ ಒಪ್ಪಿಗೆ, ಆಮೇಲೆ ಪಿಯರ್ಸನ್ ವ್ಯೂ ಕೇಂದ್ರದಲ್ಲಿ ಪರೀಕ್ಷೆ. ಬೆಂಗಳೂರಲ್ಲೇ ಕೇಂದ್ರ ಇದೆ. ಪರೀಕ್ಷಾ ಶುಲ್ಕ 200 ಡಾಲರ್, ಅಮೆರಿಕದ ಹೊರಗೆ ಬರೆಯೋದಕ್ಕೆ ಇನ್ನೂ 150. ಫೇಲಾದರೆ ಕನಿಷ್ಠ 45 ದಿನ ಕಾಯಬೇಕು, ಮತ್ತೆ ಶುಲ್ಕ ಕಟ್ಟಬೇಕು. ಕೊಬ್ಬರಿ ಮಾರಿದ ದುಡ್ಡಲ್ಲಿ ಫೀಸ್ ಕಟ್ಟೋ ಮನೆಗೆ ಇದು ಸಣ್ಣ ಮೊತ್ತ ಅಲ್ಲ. “ಪೇಪರ್ ನಮ್ಮ ಹತ್ರ ಇದೆ” ಅನ್ನೋರನ್ನ ನಂಬಬೇಡಿ. ಒಬ್ಬೊಬ್ಬರಿಗೆ ಒಂದೊಂದು ಥರ ಪ್ರಶ್ನೆ ಆರಿಸೋ ಪರೀಕ್ಷೆಗೆ ಪೇಪರ್ ಅನ್ನೋದೇ ಇಲ್ಲ. ಪಾಸಾದ ತಕ್ಷಣ ವೀಸಾನೂ ಬರಲ್ಲ, ಅದು ಬೇರೆಯೇ ದಾರಿ.

ಈಗ ಮೊದಲು ಮನಸ್ಸಲ್ಲಿ ಇಟ್ಕೊಂಡ ಉತ್ತರ ನೋಡಿ. “ಸುಸ್ತಿದೆ, ಇನ್ನೊಂದು ಎಳನೀರು ಕುಡಿಯಲಿ” ಅಂತ ಇತ್ತಾ? ನಾಚಿಕೆ ಬೇಡ. ನಮ್ಮೂರಲ್ಲಿ ಎಳನೀರು ಬೇಡ ಅನ್ನೋಕೆ ಯಾರಿಗೂ ಮನಸ್ಸು ಬರಲ್ಲ. ಆದರೆ ಆ ನಾಲ್ಕು ಬುರುಡೆ ಮತ್ತು ನಾಡಿ 48ನ್ನ ಒಟ್ಟಿಗೆ ನೋಡಬೇಕಾದವರು ಆ ರಾತ್ರಿ ವಾರ್ಡ್‌ನಲ್ಲಿರೋ ನರ್ಸ್. ನೀವು ಅಮೆರಿಕಕ್ಕೆ ಹೋಗಿ, ಹೋಗದೇ ಇರಿ, ಈ ಅಭ್ಯಾಸ ನಾಳೆಯ ಡ್ಯೂಟಿಗೇ ಬೇಕು.

ಇವತ್ತು ರಾತ್ರಿ ಆರು ಸಾಲು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.