ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದರೂ ಹೊಡೀರಿ!

ಜೂನ್ ತಿಂಗಳಲ್ಲಿ ಹಾವೇರಿ ಕಡೆಯ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಈ ಮಾತು ಕಿವಿಗೆ ಬೀಳದೆ ಇರುವುದಿಲ್ಲ. ಐದನೇ ಇಯತ್ತೆಗೋ ಆರನೇ ಇಯತ್ತೆಗೋ ಹೊಸದಾಗಿ ಬಂದ ಮಗನನ್ನು ಮುಂದೆ ತಳ್ಳಿ ಅಪ್ಪ ಹೇಳುತ್ತಾನೆ: "ಸರ್, ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದರೂ ಹೊಡೀರಿ, ನಾವೇನೂ ಕೇಳಂಗಿಲ್ಲ." ಮಾಸ್ತರರಿಗೆ ಇದಕ್ಕಿಂತ ದೊಡ್ಡ ಗೌರವ ಇಲ್ಲ ಅಂತ ಅವನ ಭಾವನೆ.

ಈ ಪರವಾನಗಿಗೆ ಕಾನೂನಿನಲ್ಲಿ ಕವಡೆ ಕಿಮ್ಮತ್ತಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮೀರಿದವರ ಮೇಲೆ ಸೇವಾ ನಿಯಮಗಳಡಿ ಶಿಸ್ತುಕ್ರಮ. ಪಾಲಕರು ಒಪ್ಪಿದ್ದರೆ ನಡೆಯುತ್ತದೆ ಎಂಬ ವಿನಾಯಿತಿ ಅದರಲ್ಲಿಲ್ಲ. ಕಲಮಿನ ಎರಡನೇ ಅರ್ಧವನ್ನಂತೂ ಓದಿದವರೇ ಕಡಿಮೆ. ಛಡಿ ಬಿಟ್ಟು ಎಷ್ಟೋ ವರ್ಷವಾಯಿತು ಎಂದು ಹೇಳಿಕೊಳ್ಳುವವರೇ ಇಡೀ ವರ್ಗದ ಮುಂದೆ "ನೀ ಎಮ್ಮಿ ಕಾಯಾಕ ಹೋಗು" ಎಂದು ನಗಿಸುತ್ತಾರೆ. ಅದೂ ಅದೇ ಕಲಮಿನಡಿ ಬರುತ್ತದೆ.

ಕಾನೂನಿನ ಮಾತು ತೆಗೆದರೆ ಸಿದ್ಧ ಉತ್ತರವೊಂದಿದೆ: "ನಾವೂ ಏಟು ತಿಂದೇ ಈ ಮಟ್ಟಕ್ಕೆ ಬಂದ್ವಿ." ಈ ಮಾತು ಕೇಳುವುದು ಎಲ್ಲಿ? ಹಳೆ ವಿದ್ಯಾರ್ಥಿಗಳ ಗುರುವಂದನೆಯ ವೇದಿಕೆಯಲ್ಲಿ. ಅದೇ ಏಟು ತಿಂದು ಏಳನೇ ಇಯತ್ತೆಗೇ ಪಾಟಿಚೀಲ ಬಿಸಾಕಿ ಹೋದವರನ್ನು ಆ ವೇದಿಕೆಗೆ ಯಾರೂ ಕರೆಯುವುದಿಲ್ಲ. ಅವರನ್ನೂ ಕೂರಿಸಿ ಕೇಳಿದರೆ ಲೆಕ್ಕ ಬೇರೆಯಾದೀತು.

ಆದರೆ ಏಟಿಗೆ ವರ್ಗ ಸುಮ್ಮನಾಗುತ್ತದಲ್ಲ? ಆಗುತ್ತದೆ, ಒಂದಷ್ಟು ಹೊತ್ತು. ಇದನ್ನೇ ಬೆನ್ನುಹತ್ತಿದವನು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೌನಿನ್. ತನ್ನ ಪಾಠದ ನಡುವೆ ಪೇಪರ್ ಓದುತ್ತಿದ್ದ ಕಾಲೇಜು ಹುಡುಗನೊಬ್ಬನನ್ನು ಗದರಿದಾಗ ಏನೂ ತಪ್ಪು ಮಾಡದ ಉಳಿದವರೂ ನೆಟ್ಟಗೆ ಕೂತರು. ಹಾಗಾದರೆ ಹೇಗೆ ಗದರಿದರೆ ಶಿಸ್ತು ಬರುತ್ತದೆ ಎಂದು ಹುಡುಕುತ್ತ ಹೋದ. ಕೊನೆಗೆ ಶಾಲಾ ತರಗತಿಗಳನ್ನು ವಿಡಿಯೋದಲ್ಲಿ ಹಿಡಿದು ನೋಡಿದಾಗ ಸಿಕ್ಕಿದ್ದು ಅವನು ಹುಡುಕದೆ ಇದ್ದ ಉತ್ತರ: ಗದರುವ ರೀತಿಗೂ ತರಗತಿಯ ಶಿಸ್ತಿಗೂ ಸಂಬಂಧವೇ ಇರಲಿಲ್ಲ. ಮೆಲ್ಲಗೆ ಹೇಳಿದರೂ ಅಷ್ಟೆ, ಗುಡುಗಿದರೂ ಅಷ್ಟೆ. ವ್ಯತ್ಯಾಸ ಇದ್ದದ್ದು ಗಲಾಟೆ ಶುರುವಾಗುವ ಮೊದಲಿನ ಕೆಲಸದಲ್ಲಿ. ಮೂಲೆಯಲ್ಲಿ ಏನು ನಡೆದಿದೆ ಎಂಬುದು ಟೀಚರಿಗೆ ಗೊತ್ತು ಅಂತ ಮಕ್ಕಳಿಗೆ ಗೊತ್ತಿರುವುದು, ಒಬ್ಬನ ವಹಿ ನೋಡುತ್ತಲೇ ಉಳಿದವರ ಮೇಲೂ ಕಣ್ಣಿಡುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಖಾಲಿ ಹೊತ್ತು ಬಿಡದಿರುವುದು. ಅವನ ಪುಸ್ತಕ ಬಂದದ್ದು 1970ರಲ್ಲಿ. ಅರ್ಧ ಶತಮಾನ ಕಳೆದರೂ ನಾವಿನ್ನೂ ಛಡಿಯ ಉದ್ದವನ್ನೇ ಚರ್ಚಿಸುತ್ತಿದ್ದೇವೆ.

ನಮ್ಮ ಶಾಲೆಗಳಲ್ಲಿ ಆ ಖಾಲಿ ಹೊತ್ತು ಯಾವುದು ಎಂದು ಹೇಳಬೇಕಾಗಿಲ್ಲ. ಬಿಸಿಯೂಟ ಮುಗಿದ ಮೇಲಿನ ಮೊದಲ ಹತ್ತು ನಿಮಿಷ. ಹಾಜರಿ ಕೂಗುವಾಗ. ಫಲಕದ ತುಂಬ ಪ್ರಶ್ನೋತ್ತರ ಬರೆಯುತ್ತ ಮಕ್ಕಳಿಗೆ ಬೆನ್ನು ಮಾಡಿ ನಿಂತಾಗ. ಗಲಾಟೆಗೆ ಇನ್ನೊಂದು ಕಾರಣ ಈ ಸೀಮೆಯದ್ದೇ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂತೆಂದರೆ ತಾಯಂದಿರು ತೊಟ್ಟು ಬಿಡಿಸಲು ಹೋಗುತ್ತಾರೆ, ಕೂಸು ನೋಡಿಕೊಳ್ಳಲು ಆರನೇ ಇಯತ್ತೆಯ ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ರಾಣೆಬೆನ್ನೂರು ಕಡೆ ಹತ್ತಿ ಬೀಜೋತ್ಪಾದನೆಯ ಹೊಲದಲ್ಲಿ ಕ್ರಾಸಿಂಗ್ (ಕೈಯಿಂದ ಪರಾಗಸ್ಪರ್ಶ ಮಾಡುವ) ಕೆಲಸ ಬಂದರೂ ಹಾಜರಿಗೆ ಅದೇ ಗತಿ. ಎರಡು ವಾರ ಬಿಟ್ಟು ಬಂದವರ ಮುಂದೆ ಭಿನ್ನರಾಶಿಯ ಭಾಗಾಕಾರ ನಡೆದಿರುತ್ತದೆ. ತಲೆಬುಡ ತಿಳಿಯದವರು ಪಕ್ಕದವರ ಪೆನ್ನು ಎಳೆಯದೆ ಇನ್ನೇನು ಮಾಡಬೇಕು? ಇದಕ್ಕೆ ಏಟು ಕೊಟ್ಟರೆ ಭಿನ್ನರಾಶಿ ಬರುತ್ತದೆಯೇ?

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ಮಾನಿಟರ್ ಕೈಯಲ್ಲಿ "ಮಾತಾಡಿದವರ ಹೆಸರು" ಬರೆಸಿದರೆ ಶಿಸ್ತು ಬರುವುದಿಲ್ಲ, ಮಾನಿಟರನಿಗೆ ಗೆಳೆಯರೂ ಲಂಚದ ಪೇರಲಹಣ್ಣೂ ಬರುತ್ತವೆ. ಗಲಾಟೆ ಮಾಡಿದ್ದಕ್ಕೆ ಆಟದ ಅವಧಿ ರದ್ದು ಮಾಡುವುದೆಂದರೆ ಓಡಾಡದೆ ಚಡಪಡಿಸುವ ಮಕ್ಕಳನ್ನು ಇನ್ನೂ ಕಟ್ಟಿಹಾಕುವುದು. ಕೇಳಿದ ಕೂಡಲೇ ಉತ್ತರಿಸದವರು ದಡ್ಡರಲ್ಲ: ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದೇ ಸೆಕೆಂಡ್ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತೋರಿಸಿದ್ದಾಳೆ. ಇನ್ನು ನಲಿ-ಕಲಿಯಿಂದ ಬಂದ ಮಕ್ಕಳಿಗೆ ಕೂರುವುದೇ ಗೊತ್ತಿಲ್ಲ ಎಂಬ ದೂರು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮೂರನೇ ತರಗತಿವರೆಗೆ ಗುಂಪಿನಲ್ಲಿ ಕೂತು, ಕಾರ್ಡು ತೆಗೆದುಕೊಂಡು ತಾವೇ ಕಲಿತ ಮಕ್ಕಳು ಅವರು. ಸಾಲಾಗಿ ಕೂರಿಸಿ ಬಾಯಿ ಮುಚ್ಚಿಸಿ ಆ ರೂಢಿ ಕೆಡಿಸುವವರು ಮುಂದಿನ ತರಗತಿಗಳ ನಾವು.

"ಗುರುಗಳ ಏಟು ತಿನ್ನದವನು ಪೊಲೀಸರ ಏಟು ತಿನ್ನುತ್ತಾನೆ" ಎಂಬ ವಾಟ್ಸಾಪ್ ಸಂದೇಶ ಪ್ರತಿ ಶಿಕ್ಷಕರ ದಿನಾಚರಣೆಗೂ ತಪ್ಪದೆ ಬರುತ್ತದೆ. ಅದನ್ನು ಫಾರ್ವರ್ಡ್ ಮಾಡುವವರಲ್ಲಿ ಬಿ.ಎಡ್. ಮುಗಿಸಿದವರೂ ಇದ್ದಾರೆ. ರಾಣೆಬೆನ್ನೂರಿನಲ್ಲಿ ಬೀಜದ ಪಾಕೀಟು ಕೊಳ್ಳುವ ರೈತ ಮೊಳಕೆಯ ಪ್ರಮಾಣ ಎಷ್ಟು, ಅವಧಿ ಯಾವಾಗ ಮುಗಿಯುತ್ತದೆ ಎಂದು ತಿರುವಿ ಮುರುವಿ ನೋಡುತ್ತಾನೆ. ಮಗನ ವಿಷಯಕ್ಕೆ ಬಂದರೆ ಅದೇ ರೈತನಿಗೆ ಯಾರೋ ಹೇಳಿದ ಗಾದೆ ಸಾಕು.

ಪಾಲಕರಿಗೆ ನಿಜವಾಗಿಯೂ ಶಿಸ್ತು ಬೇಕಿದ್ದರೆ ಎಸ್‌ಡಿಎಂಸಿ ಸಭೆಯಲ್ಲಿ ಕೇಳಬೇಕಾದ್ದು ಬೇರೆ ಇದೆ. ಆರರಿಂದ ಎಂಟನೇ ತರಗತಿಗೆ ಕನಿಷ್ಠ ತರಗತಿಗೊಬ್ಬ ಶಿಕ್ಷಕ, 35 ಮಕ್ಕಳಿಗೊಬ್ಬರು, ವಿಜ್ಞಾನ-ಗಣಿತಕ್ಕೆ, ಸಮಾಜಕ್ಕೆ, ಭಾಷೆಗೆ ಒಬ್ಬೊಬ್ಬರು ಇರಬೇಕು ಎನ್ನುತ್ತದೆ ಅದೇ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ. ನಿಮ್ಮ ಶಾಲೆಯಲ್ಲಿ ಆರನೆಯದನ್ನೂ ಏಳನೆಯದನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಒಬ್ಬರೇ ಅಕ್ಕೋರು ಪಾಠ ಮಾಡುತ್ತಿದ್ದರೆ, ಖಾಲಿ ಹುದ್ದೆ ಯಾವಾಗ ತುಂಬುತ್ತೀರಿ ಎಂದು ಬಿಇಒ ಕಚೇರಿಗೆ ಲಿಖಿತವಾಗಿ ಕೇಳಿ.